ಟೇಪಣ್ಣ ಮನೆಗೂ ಅಳತೆ ತೆಗೆದ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ದೊಡ್ಡ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿ ನೋಡು ಅನ್ನುವುದನ್ನು ಸೇರಿಸಲು ಮರೆತರು. ಅದನ್ನು ಟೇಪಣ್ಣ ತಾನೇ ಅನುಭವಿಸಿ ತಿಳಿಯಬೇಕಾಯಿತು.

ಟೇಪಣ್ಣ ಟೈಲರು. ಊಟಕ್ಕೆ ಕೂತರೂ ಕೊರಳಲ್ಲಿ ಅಳತೆ ಟೇಪು, ಅದಕ್ಕೇ ಆ ಹೆಸರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮಂಡಿನೋವಿನ ತಾಯಿ, ಮೇಲೊಂದು ಹೊಲಿಗೆ ಮಷಿನ್ನು. ಇಷ್ಟೂ ಸಂಸಾರ ಒಂದೂವರೆ ಕೋಣೆಯಲ್ಲಿ ಹನ್ನೊಂದು ವರ್ಷ ಸಾಗಿತ್ತು. ಈಗ ಕಟ್ಟಡ ಕೆಡವುತ್ತಾರಂತೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಟೇಪಣ್ಣ ಮೂರು ವಾರ ಬೀದಿ ಬೀದಿ ಅಲೆದ. ಒಂದು ಕಡೆ ಬಾಡಿಗೆ ಕೇಳಿದರೆ ತಲೆ ತಿರುಗಿತು. ಇನ್ನೊಂದು ಕಡೆ ನಾಲ್ಕನೇ ಮಹಡಿ ಅಂದರು, ತಾಯಿಗೆ ಕೂತಲ್ಲೇ ಮಂಡಿ ನೋಯಿತು. ಮತ್ತೊಂದು ಕಡೆ ಎಲ್ಲ ಸರಿ, ಮಷಿನ್ನಿನ ಸದ್ದು ಮಾತ್ರ ಆಗದು ಅಂದರು.

ಹೀಗಿರುವಾಗ ಫೋನಿನಲ್ಲಿ ಒಂದು ಜಾಹೀರಾತು ಸಿಕ್ಕಿತು. ನೆಲಮಹಡಿ, ಎರಡು ಕೋಣೆ, ಬಾಡಿಗೆ ಬೇರೆಯವರು ಕೇಳುವುದರಲ್ಲಿ ಅರ್ಧ. ಆ ಕಡೆ ಮಾತಾಡಿದವನ ದನಿಯಲ್ಲಿ ಜೇನು ಸುರಿಯುತ್ತಿತ್ತು. ತಾನು ದೂರದ ಊರಲ್ಲಿದ್ದೇನೆ, ಮನೆ ತೋರಿಸಲು ಆಗುವುದಿಲ್ಲ, ಇವತ್ತೇ ಮುಂಗಡ ಕಳಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ, ತಡ ಮಾಡಿದರೆ ಇನ್ನೂ ಮೂರು ಜನ ಕಾದಿದ್ದಾರೆ ಅಂದ.

ಟೇಪಣ್ಣ ಕೋಣೆಯ ಉದ್ದಗಲ ಫೋನಿನಲ್ಲೇ ಕೇಳಿಕೊಂಡ. ಉಡುಪು ಕತ್ತರಿಸುವ ಮೊದಲು ಕಂದು ಕಾಗದದಲ್ಲಿ ಮಾದರಿ ಕತ್ತರಿಸುವುದು ಅವನ ಪದ್ಧತಿ. ಹಾಗೇ ಮಂಚ, ಮಷಿನ್ನು, ತಾಯಿಯ ಹಾಸಿಗೆ, ಮಕ್ಕಳ ಓದುವ ಮೇಜು, ಎಲ್ಲದರ ಅಳತೆಗೂ ಕಾಗದ ಕತ್ತರಿಸಿ, ಯಾವುದು ಎಲ್ಲಿ ಎಂದು ಜೋಡಿಸಿ ನೋಡಿದ. ಕಿಟಕಿ ಪಕ್ಕ ಯಾರ ಮೇಜು ಎಂದು ಹುಡುಗಿಯರು ಜಗಳವನ್ನೂ ಆಡಿ ಮುಗಿಸಿದರು. ಕಾಣದ ಮನೆಯಲ್ಲಿ ಆಗಲೇ ಸಂಸಾರ ಹೂಡಿಯಾಗಿತ್ತು.

ಅದೇ ಹೊತ್ತಿಗೆ ಕರೆಂಟಿನ ಮೀಟರ್ ಓದುವ ಹೆಂಗಸು ಬಂದಳು. ಬೀದಿಗೆಲ್ಲ ಅವಳು ಮೀಟರಕ್ಕ. ಜಿಪ್ಪು ಹಾಕಲು ಕೊಟ್ಟಿದ್ದ ಬ್ಯಾಗು ತೆಗೆದುಕೊಳ್ಳುತ್ತ ಸುದ್ದಿ ಕೇಳಿದಳು.

"ಮನೆ ನೋಡಿದ್ರಾ, ಟೇಪಣ್ಣ?"

"ಹನ್ನೆರಡು ಫೋಟೋ ನೋಡಿದ್ದೀನಲ್ಲ."

"ಯಾರಾದ್ರೂ ಫೋಟೋ ತೋರ್ಸಿ, ಇವ್ರಿಗೊಂದು ಕೋಟು ಹೊಲ್ಕೊಡಿ ಅಂದ್ರೆ ಬಟ್ಟೆಗೆ ಕತ್ತರಿ ಹಾಕ್ತೀರಾ?"

"ಅದೆಂಗಾಗುತ್ತೆ? ಮೈ ಅಳತೆ ಬೇಡ್ವಾ?"

"ಮತ್ತೆ ಮನೆಗೆ ಬೇಡ್ವಾ?"

ಟೇಪಣ್ಣನಿಗೆ ಸಿಟ್ಟು ಬಂತು. ಎಲ್ಲರನ್ನೂ ಕಳ್ಳರು ಅಂದುಕೊಂಡರೆ ಬದುಕುವುದು ಹೇಗೆ, ಕಾಗದ ಪತ್ರ ಅಂತ ಕೂರುವುದು ದುಡ್ಡಿದ್ದವರಿಗೆ ಸರಿ, ತಿಂಗಳ ಕೊನೆಗೆ ಬೀದಿಗೆ ಬೀಳುವವರಿಗಲ್ಲ ಅಂದ. ಎಂಥ ಚೆಂದದ ಮನೆ ನೋಡಿ ಎಂದು ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಅವಳ ಮುಂದೆ ಹಿಡಿದ. ಹಿಡಿದವನ ಕೈ ಹಾಗೇ ನಿಂತಿತು.

ಕಿಟಕಿಯಲ್ಲಿ ನೀಲಿ ಪರದೆ ಇತ್ತು. ಅದರ ಅಂಚಿಗೆ ನಾಲ್ಕು ಬೆರಳಗಲದ ಹಳದಿ ಪಟ್ಟಿ. ಬಟ್ಟೆ ಸಾಲದೆ ಹೋದಾಗ ಆ ಪಟ್ಟಿ ಸೇರಿಸಿದ್ದು ಟೇಪಣ್ಣನೇ, ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರಮ್ಮನ ಮನೆಗೆ. ಆದರೆ ಜಾಹೀರಾತಿನ ಮನೆ ಇರುವುದು ಪೇಟೆಯ ಇನ್ನೊಂದು ತುದಿಯಲ್ಲಿ!

ತಕ್ಷಣ ಡಾಕ್ಟರಮ್ಮನಿಗೆ ಫೋನು ಮಾಡಿದ. ಅವರು ನಕ್ಕರು. ಮನೆ ಬಾಡಿಗೆಗೆ ಕೊಟ್ಟರೆ ನಾವೆಲ್ಲಿಗೆ ಹೋಗೋದು, ಹೋದ ವರ್ಷ ಹಳೇ ಸೋಫಾ ಮಾರಲು ಆ ಫೋಟೋ ಆನ್‌ಲೈನ್‌ನಲ್ಲಿ ಹಾಕಿದ್ದೆ, ಯಾರೋ ಅದನ್ನೇ ಕದ್ದಿರಬೇಕು ಅಂದರು. ಟೇಪಣ್ಣ ಫೋನು ಕೆಳಗಿಟ್ಟ. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಂದು ಬೆರಳು ಒತ್ತಿದ್ದರೆ ಹೋಗುತ್ತಿತ್ತು. ಹೆಂಡತಿ ಅತ್ತಳು, ಅಳುತ್ತಲೇ ಸದ್ಯ ಉಳೀತು ಅಂದಳು. ಆ ಫೋನ್ ನಂಬರಿನ ಮೇಲೆ ಅವತ್ತೇ ಪೊಲೀಸರಿಗೆ ದೂರು ಕೊಟ್ಟರು.

ಮೀಟರಕ್ಕ ಹೋಗುವ ಮೊದಲು ಒಂದು ಮಾತು ಹೇಳಿದಳು. ಕೈಗೆಟುಕುವ ಮನೆ ಎಷ್ಟೋ ಸಲ ಫೋನಿಗೆ ಬರುವುದೇ ಇಲ್ಲ, ಕೊನೆಯ ಬಸ್ ನಿಲ್ದಾಣದ ಕಡೆಯ ಹಳೇ ಬೀದಿಗಳಲ್ಲಿ ನಡೆದು, ಅಂಗಡಿಯವರನ್ನು ಕೇಳಬೇಕು. ಅಲ್ಲೇ ಒಂದು ಮೀಟರಿನ ಅಂಕಿ ಆರು ತಿಂಗಳಿಂದ ಅಲುಗಾಡಿಲ್ಲ, ಮನೆ ಖಾಲಿ ಇರ್ಬೇಕು, ಮಾಲೀಕರನ್ನು ವಿಚಾರಿಸಿ ಹೇಳ್ತೀನಿ ಅಂದಳು.

ಆ ಮನೆ ಒಬ್ಬ ರಿಟೈರಾದ ಬಸ್ ಡ್ರೈವರದು. ಬಣ್ಣ ಮಾಸಿತ್ತು, ಪೇಟೆಯಿಂದ ದೂರ, ಆದರೆ ನೆಲಮಹಡಿ, ಬಾಡಿಗೆಯೂ ಹಿಡಿತದಲ್ಲಿ. ಟೇಪಣ್ಣ ಅಂಜುತ್ತಲೇ ಮಷಿನ್ನಿನ ವಿಷಯ ಎತ್ತಿದ.

"ಮೂವತ್ತು ವರ್ಷ ಇಂಜಿನ್ ಪಕ್ಕ ಕೂತವ್ನಪ್ಪ ನಾನು," ಅಂದರು ಡ್ರೈವರು. "ನಿನ್ ಮಷಿನ್ನು ನಂಗೆ ಜೋಗುಳ."

ಈ ಸಲ ಟೇಪಣ್ಣ ಮಾತಿಗೆ ಮರುಳಾಗಲಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನಲ್ಲಿ ತಿರುಗಿಸಿ ನೋಡಿದ. ಪಕ್ಕದ ಮನೆಯವರನ್ನು ಮಾತಾಡಿಸಿದ. ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ, ಡ್ರೈವರ ಗುರುತಿನ ಚೀಟಿ, ಮೂರರಲ್ಲೂ ಒಂದೇ ಹೆಸರು ಇದೆಯೇ ಎಂದು ಹೋಲಿಸಿದ. ಬಾಡಿಗೆ ಕರಾರು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮುಂಗಡಕ್ಕೆ ರಸೀದಿ ಪಡೆದ. ಇಷ್ಟಕ್ಕೆಲ್ಲ ಹಿಡಿದದ್ದು ಎರಡೇ ದಿನ. ಡ್ರೈವರು ಬೇಜಾರು ಮಾಡಿಕೊಳ್ಳಲಿಲ್ಲ, ಬ್ರೇಕು ನೋಡದೆ ನಾನೂ ಗಾಡಿ ತೆಗೆದವನಲ್ಲ ಅಂದರು.

ಬೀಗದ ಕೈ ಸಿಕ್ಕ ದಿನ ಕಂದು ಕಾಗದದ ಸುರುಳಿ ಬಿಚ್ಚಿ ನಿಜವಾದ ನೆಲದ ಮೇಲೆ ಹಾಸಿದರು. ಮಷಿನ್ನು ಕಿಟಕಿಗೆ ಸರಿಹೋಯಿತು. ಮಂಚ ಒಂದು ಗೇಣು ಬಾಗಿಲಿಗೆ ಅಡ್ಡ ಬಂತು, ಮಾರಿದರಾಯಿತು ಅಂದಳು ಹೆಂಡತಿ. ತಾಯಿ ಮೆಲ್ಲಗೆ ಬಂದು ತನ್ನ ಹಾಸಿಗೆಯ ಕಾಗದದ ಮೇಲೆ ಮಲಗಿಯೇಬಿಟ್ಟಳು.

"ಏಳಮ್ಮ, ಸಾಮಾನು ತರ್ಬೇಕು," ಅಂದ ಟೇಪಣ್ಣ.

"ನೀವು ತನ್ನಿ. ನಾನು ಮನೆಗೆ ಬಂದಾಯ್ತು."

ಮನೆ ಹುಡುಕುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಷ್ಟ ಎಷ್ಟೇ ಅವಸರದ್ದಾಗಿರಲಿ, ಕಣ್ಣಾರೆ ಕಾಣದ ಮನೆಗೆ ಒಂದು ಕಾಸೂ ಕಳಿಸಬೇಡಿ. ಮಾಲೀಕರು ಯಾರೆಂದು ತಿಳಿಯಿರಿ, ಕರಾರು ಬರೆಸಿ, ರಸೀದಿ ಕೇಳಿ. ಕೇಳಲು ನಾಚಿಕೆ ಬೇಡ. ಟೇಪಣ್ಣನ ಕಣ್ಣಿಗೆ ಅವನೇ ಹೊಲಿದ ಪರದೆ ಬಿತ್ತು, ಉಳಿದುಕೊಂಡ. ನಿಮಗೆ ಬರುವ ಫೋಟೋದಲ್ಲಿ ಆ ಹಳದಿ ಪಟ್ಟಿ ಇರುವುದಿಲ್ಲ.