ಶಾಲೆಯಂಗಳದ ಏಳು ಗುಂಡುಗಳ್ಳಿಗಳು

ಏಪ್ರಿಲ್ ಮುಗಿಯುತ್ತ ಬಂದಿತ್ತು. ನೆರಳೆಲ್ಲ ಗೋಡೆಯ ಬುಡಕ್ಕೆ ಮುದುರಿಕೊಳ್ಳುವ ಹೊತ್ತು. ಕೆರೆತಾರೋ ರಾಜ್ಯದ ಒಣಸೀಮೆಯ ಲಾ ತಿನಾಹಾ ಊರಿನ ಶಾಲೆಯ ಹಿರಿಯ ಮೇಡಂ ಒಬ್ದುಲಿಯಾ, ಕಳ್ಳಿ ಬೆಳೆಸುವ ಮುದುಕಿ ನೆಮೆಸಿಯಾಳ ಮನೆಗೆ ಬಂದು, ಶಾಲೆಯ ಬೋಳು ಅಂಗಳದಲ್ಲೊಂದು ಕಳ್ಳಿತೋಟ ಮಾಡಿಕೊಡಬೇಕೆಂದು ಕೇಳಿದಳು.

ನೆಮೆಸಿಯಾ ಕಾಗದದ ಮೇಲೆ ಗೆರೆ ಎಳೆದವಳಲ್ಲ. ಮೇಜಿನ ಮೇಲೆ ಮುಸುಕಿನಜೋಳದ ಕಾಳು ಹರಡಿ ತೋಟ ಕಟ್ಟಿದಳು. ಹಿಂದೆ ಕಂಬಗಳ್ಳಿಯ ಸಾಲು, ಗೋಡೆ ಮೂಲೆಗೆ ಬಿಳಿಗೂದಲಿನ ಮುದುಕಗಳ್ಳಿ, ಮೆಟ್ಟಿಲ ಮೇಲೆ ಮಣ್ಣಿನ ಕುಂಡಗಳಲ್ಲಿ ದಪ್ಪೆಲೆಯ ಗಿಡಗಳು. ನಡುವೆ ಏಳು ಕಾಳು ಇಡುವಾಗ ಮಾತ್ರ ಅವಳ ಕೈ ತಡೆಯಿತು. ಅವು ಅವಳ ಗುಂಡುಗಳ್ಳಿಗಳು. ಇಪ್ಪತ್ತಾರು ವರ್ಷದ ಹಿಂದೆ ಮೀನಿನ ಡಬ್ಬಿಯಲ್ಲಿ ಬೀಜ ಹಾಕಿ ಎಬ್ಬಿಸಿದವು. ಈಗ ಒಂದೊಂದೂ ಕೊಡಪಾನದಷ್ಟಾಗಿದ್ದವು. ಯಾರು ಕೇಳಿದರೂ ಕೊಟ್ಟವಳಲ್ಲ. ಶಾಲೆಯಲ್ಲಾದರೆ ತಾನು ಹೋದ ಮೇಲೂ ನೋಡುವವರಿರುತ್ತಾರೆ ಎಂದುಕೊಂಡು ಕೊಟ್ಟಳು.

ಅವಳ ಬಲಗೈ ಮುರಿದು ಪಟ್ಟಿ ಕಟ್ಟಿತ್ತು. ಹಾಗಾಗಿ ಪಕ್ಕದ ಮನೆಯ ತೊಮಾಸಾ ಬಂದಳು. ತೊಮಾಸಾಳ ಮಗಳಿಗೆ ನೆಮೆಸಿಯಾ ಜ್ಞಾನಸ್ನಾನದ ತಾಯಿ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. 'ಕೊಮಾದ್ರೆ', ಅಂದರೆ ಜೊತೆತಾಯಿ, ಎಂದೇ ಕರೆಯುವುದು, ಬಹುವಚನದಲ್ಲೇ ಮಾತು.

“ಏನ್ ಕೊಮಾದ್ರೆ, ಒಂದ್ ಕೈಲಿ ಗುಂಡುಗಳ್ಳಿ ಎತ್ತಕ್ಕೆ ಹೊರಟ್ರಾ? ಮುಳ್ಳು ಚುಚ್ಚಿದ್ರೆ ಹಲ್ಲಲ್ಲಿ ಕೀಳ್ತೀರಾ?”

“ಹಲ್ಲೆಲ್ಲಿದೆ?”

“ಅದಕ್ಕೇ ಹೇಳಿದ್ದು, ಕೂತಿರಿ. ಅಗೆಯೋದೂ ನಾನೇ, ನೆಡೋದೂ ನಾನೇ.”

ಕಿತ್ತ ಕಳ್ಳಿಯನ್ನು ನೆಡುವ ಮೊದಲು ವಾರಗಟ್ಟಲೆ ನೆರಳಲ್ಲಿ ಒಣಗಿಸುವುದು ಅಲ್ಲಿಯ ರೂಢಿ. ಏಳೂ ಎರಡು ವಾರ ತೊಮಾಸಾಳ ಕೊಟ್ಟಿಗೆಯಲ್ಲಿದ್ದವು. ನೆಮೆಸಿಯಾ ಶಾಲೆಗೆ ಹೋಗಿ ನೋಡುವಷ್ಟರಲ್ಲಿ ತೋಟ ಎದ್ದು ನಿಂತಿತ್ತು. ಕಾಳಿನಲ್ಲಿ ಕಂಡದ್ದೆಲ್ಲ ಕಾಳಿನಂತೆಯೇ ಇತ್ತು. ಏಳರ ಸುತ್ತ ಮಾತ್ರ ಜಲ್ಲಿ ಅವುಗಳ ಹೊಟ್ಟೆಮಟ್ಟ ಏರಿತ್ತು.

“ಇಷ್ಟೆತ್ತರ ಯಾಕೆ?”

“ಮಕ್ಕಳ ಚೆಂಡು ಬಡಿದ್ರೆ ಅಲ್ಲಾಡ್ಬಾರ್ದಲ್ಲ. ಯಾರೂ ಮುಟ್ಟೋದು ಬೇಡ, ನೀರೂ ಬೇಡ. ನೀವೇ ಹೇಳೋದಲ್ವಾ, ಮಳೆ ಬರೋವರೆಗೆ ಅಂತ?”

ಹೌದು, ಅದು ಅವಳದೇ ಮಾತು. ನೀರಿನ ಚೊಂಬು ಹಿಡಿದು ಬಂದ ಮಕ್ಕಳನ್ನು ನೆಮೆಸಿಯಾ ದಿನವೂ ಅಟ್ಟಿದಳು. ಬೇಲಿಯಾಚೆ ನಿಂತು ತೊಮಾಸಾ ನಗುತ್ತಿದ್ದಳು.

ಜೂನ್ ನಡುವಿಗೆ ಮೊದಲ ಮಳೆ ಬಿತ್ತು. ಗುಡ್ಡದ ಗುಂಡುಗಳ್ಳಿಗಳೆಲ್ಲ ಮೂರೇ ದಿನಕ್ಕೆ ಉಬ್ಬಿದವು. ಶಾಲೆಯ ಏಳರ ಮೈಯ ಸುಕ್ಕು ಸುಕ್ಕಾಗಿಯೇ ಉಳಿಯಿತು. ದೊಡ್ಡ ಗಿಡ, ಬೇರು ಹಿಡಿಯಲು ತಡ ಎಂದುಕೊಂಡಳು. ಎರಡನೇ ಮಳೆಗೂ ಹಾಗೇ ಅಂದುಕೊಂಡಳು. ಮೂರನೆಯದು ಬಿದ್ದ ಮೇಲೆ, ಭಾನುವಾರ ಪೂಜೆ ಮುಗಿಸಿ ಒಬ್ಬಳೇ ಹೋದಳು. ಕೈಯ ಪಟ್ಟಿ ಬಿಚ್ಚಿಯಾಗಿತ್ತು. ಜಲ್ಲಿ ಬಗೆದು, ಗೋಣಿ ಸುತ್ತಿದ ಕೈಯಿಂದ ಒಂದನ್ನು ಮೆಲ್ಲಗೆ ತಳ್ಳಿದಳು.

ಅದು ಉರುಳಿತು.

ಅಡಿಯಲ್ಲಿ ಬೇರಿನ ಎಳೆಯೂ ಇರಲಿಲ್ಲ. ಕತ್ತಿಯ ನುಣ್ಣನೆ ಕೊಯ್ತ, ಅದರ ಮೇಲೆ ಕೊಯ್ದ ಗಾಯ ಕೊಳೆಯದಂತೆ ಹಚ್ಚುವ ಗಂಧಕದ ಹಳದಿ ಪುಡಿ. ಕಳ್ಳಿ ತನ್ನೊಳಗಿನ ನೀರಲ್ಲೇ ತಿಂಗಳುಗಟ್ಟಲೆ ಹಸಿರಾಗಿರುತ್ತದೆ; ಬುಡವಿಲ್ಲದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೊಂದಾಗಿ ಉರುಳಿಸಿದಳು. ಆರನೆಯದನ್ನು ಉರುಳಿಸುವಾಗಲೂ ಏಳನೆಯದರ ಮೇಲೆ ಆಸೆಯಿತ್ತು.

ಅಲ್ಲಿಂದ ನೇರ ತೊಮಾಸಾಳ ಹಿತ್ತಿಲಿಗೆ ನುಗ್ಗಿದಳು. ಗೋಣಿತಾಟಿನ ಮರೆಯಲ್ಲಿ ಏಳೂ ಬುಡ ನೆಲದಲ್ಲಿ ಬೇರೂರಿ ಕೂತಿದ್ದವು. ಕೊಯ್ದ ಅಂಚಿನ ಸುತ್ತ ಅಂಗಿಯ ಗುಂಡಿಯಷ್ಟಷ್ಟೇ ಮರಿಗಳು. ನೆಮೆಸಿಯಾಳ ಬೆರಳು ತಾನಾಗಿ ಎಣಿಸಿತು. ಒಂದರಲ್ಲೇ ಒಂಬತ್ತು. ಎಣಿಸಿದ್ದಕ್ಕೆ ನಾಚಿಕೆಯಾಯಿತು.

“ನೋಡಿಬಿಟ್ರಾ,” ಅಂದಳು ತೊಮಾಸಾ. ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತ ಕೂತಿದ್ದಳು, ಕತ್ತಿ ನಿಲ್ಲಿಸಲಿಲ್ಲ. “ತಲೆ ಶಾಲೇಲಿದೆ, ಬುಡ ಇಲ್ಲಿದೆ. ಏಳಿದ್ದದ್ದು ಹದಿನಾಲ್ಕಾಯ್ತು. ಏನ್ ಕಳ್ಕೊಂಡ್ರಿ? ತಲೇನೂ ಬೇರು ಬಿಡುತ್ತೆ.”

“ಜಲ್ಲಿ ಕೆಳಗೆ, ಈ ಮಳೇಲಿ? ಮೂರು ಆಗ್ಲೇ ಕೊಳೀತಿವೆ. ಕೇಳಬಹುದಿತ್ತು.”

“ಕೇಳಿದ್ರೆ ಕೊಡ್ತಿದ್ರಾ?”

“ಇಲ್ಲ.”

“ಮತ್ತೆ? ಇಪ್ಪತ್ತಾರು ವರ್ಷ ಗೋಡೆ ಈಚೆ ನಿಂತು ನೋಡಿದೀನಿ. ಒಂದು ಬೀಜ ಕೊಟ್ಟೋರಲ್ಲ ನೀವು.”

ಅದು ನಿಜ. ನಿಜವಾದ್ದರಿಂದ ಇನ್ನೂ ಉರಿಯಿತು.

“ನಾನು ದಿನಾ ಮಕ್ಕಳನ್ನ ಅಟ್ತಿದ್ದೆ, ತೊಮಾಸಾ. ನೀನು ನೋಡ್ಕೊಂಡು ನಗ್ತಿದ್ದೆ.”

ಕತ್ತಿ ಆಗ ನಿಂತಿತು. “ಹೆಸರು ಹಿಡಿದು ಕರೆದ್ರಿ,” ಅಂದಳು ತೊಮಾಸಾ, ಸಣ್ಣ ದನಿಯಲ್ಲಿ. ನೆಮೆಸಿಯಾ ಹೊರಬಂದಳು.

ಮಾರನೆಯ ದಿನ ಒಬ್ದುಲಿಯಾಳಿಗೆ ಎಲ್ಲ ಹೇಳಿದಳು. “ಬುಡಗಳನ್ನ ಕೀಳಿಸಿ ತರಿಸಿಕೊಡ್ತೀನಿ, ಇವತ್ತೇ,” ಎಂದು ಮೇಡಂ ಎದ್ದಳು.

“ಬೇಡ ಮೇಡಂ. ಮರಿ ಏಳ್ತಿರೋವಾಗ ಕಿತ್ರೆ ಸಾಯ್ತವೆ. ಅಲ್ಲೇ ಇರ್ಲಿ. ಎಲ್ಲಾದ್ರೂ ಬದುಕಿರ್ಲಿ.”

ಕೊಳೆತ ಮೂರನ್ನು ಎಸೆದಳು. ಉಳಿದ ನಾಲ್ಕನ್ನು ಕೊಯ್ತ ಒಣಗಲೆಂದು ಸೂರಿನಡಿ ಬೋರಲು ಹಾಕಿ ಕಾದಳು. ಜುಲೈ ಮುಗಿಯುವಷ್ಟರಲ್ಲಿ ಅವುಗಳಲ್ಲೂ ಎರಡು ಮೆತ್ತಗಾದವು.

ಊರಲ್ಲಿ ಯಾರೂ ತೊಮಾಸಾಳನ್ನು ಬೈಯಲಿಲ್ಲ. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಒಂದು ಬೆಳಿಗ್ಗೆ ಗೋಡೆಯಾಚೆ ಗುದ್ದಲಿಯ ಸದ್ದು ಕೇಳಿಸಿತು. ನೆಮೆಸಿಯಾ ಇಣುಕಿದಾಗ ಹಿತ್ತಿಲಲ್ಲಿ ಏಳು ಗುಂಡಿ, ಅವುಗಳಲ್ಲಿ ಮಳೆನೀರು. ಈಗ ಕಿತ್ತರೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬುಡಗಳನ್ನು ಟೊಮೇಟೊ ಲಾರಿಗೆ ಹೇರಿಕೊಂಡು ತೊಮಾಸಾ ಮಗಳ ಊರಿಗೆ ಹೊರಟುಹೋದಳು. ಜುಲೈ ಕೊನೆಯ ವಾರದ ಸಂತ ಯಾಕೋಬನ ಹಬ್ಬ ಕಳೆದು ಬಂದ ಮೊದಲ ಮಂಗಳವಾರ ಅದು.