ಅಟ್ಟ ಹತ್ತಿಸಿದ ಮಗು

ಮೀನಾಕ್ಷಿಯ ಮಗ ಧರ್ಮೇಶನಿಗೆ ನಾಲ್ಕು ವರ್ಷ ತುಂಬಿತ್ತು. ಇನ್ನೂ ಒಮ್ಮೆಯೂ ‘ಅವ್ವಾ’ ಎಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಒಣಗಿದ ಕೊಬ್ಬರಿ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ, ಒಳಗಿನ ಗಡಗಡ ಸದ್ದು ಕೇಳುತ್ತ ಹೊತ್ತು ಕಳೆಯುತ್ತಿದ್ದ. ಬಾಣಾವರದಾಚೆಯ ಆ ಊರಿಗೆ ಫೋನು ಬಂದಿತ್ತು, ಟಿವಿ ಬಂದಿತ್ತು. ಇಂಥ ಮಕ್ಕಳಿಗೆ ಮಾತ್ರ ಅದೇ ಹಳೆಯ ಮದ್ದು: ಬಳೆಚೂರು ಕಾಯಿಸಿ ಬರೆ ಎಳೆಯುವುದು. ಹೋದ ವರ್ಷ ಹೊಟ್ಟೆಯ ಮೇಲೆ ಎಳೆದಿದ್ದರು. ಮಾತು ಬರಲಿಲ್ಲ, ಕೀವು ಬಂತು. ಮದ್ದು ಸೋತರೆ ಮದ್ದನ್ನು ಬೈಯುವವರು ನಮ್ಮಲ್ಲಿ ಯಾರಿದ್ದಾರೆ? ತಾಯಿಯನ್ನು ಬೈದರು.

ಅಮಾವಾಸ್ಯೆಯ ಬೆಳಿಗ್ಗೆ ಎರಡನೆಯ ಬರೆ, ಕತ್ತಿನ ಹಿಂದೆ. ಬರೆ ಹಾಕುವ ಮುದುಕಿ ದ್ಯಾವಮ್ಮ ಆಗಲೇ ಒಲೆಯ ಮುಂದೆ ಕುಳಿತಿದ್ದಳು.

“ಬ್ಯಾಡ ಅತ್ತೆಮ್ಮ. ಮಗ ಹಳೇ ಗಾಯಾನೇ ಮುಟ್ಟಿಸ್ಕಳಲ್ಲ,” ಎಂದಳು ಮೀನಾಕ್ಷಿ.

“ಮೂಗನ್ನ ಮನೇಲಿ ಮಡಿಕ್ಕಂಡು ನಿನ್ನ ನಾದಿನಿಗೆ ಗಂಡು ಹುಡುಕಾಕಾಯ್ತದೇನೇ? ವಂಸದಾಗೇ ಐತೆ ಅಂತಾರೆ!” ಎಂದಳು ಅತ್ತೆ ಶಿವಗಂಗಮ್ಮ.

ನಿದ್ದೆ ಮಾಡದ ಮಗುವಿನ ಜೊತೆ ವರ್ಷಗಟ್ಟಲೆ ಎಚ್ಚರವಿದ್ದವಳಿಗೆ ವಾದಿಸುವ ಶಕ್ತಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಅರಸೀಕೆರೆಯ ಆಸ್ಪತ್ರೆಯಿಂದ ಬಂದಿದ್ದ ಕಾರ್ಯಕರ್ತೆ ಮಾಲಿನಿ, ಮಾತು ಬಾರದ ಮಕ್ಕಳಿದ್ದಾರೆಯೇ ಎಂದು ಮನೆಮನೆಯಲ್ಲಿ ಕೇಳುತ್ತ ಬೀದಿಗೆ ಬಂದಳು. ಶಿವಗಂಗಮ್ಮ ಮಗುವನ್ನು ಕಾಯಿ ಒಣಗುವ ಕತ್ತಲೆಯ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿಟ್ಟಳು.

“ಅಂಥವು ನಮ್ಮೂರಲ್ಲೇ ಇಲ್ಲ ಕಣವ್ವ.”

“ಎಲ್ಲ ಮನೇಲೂ ಇದೇ ಮಾತು ಅಜ್ಜಿ,” ಎನ್ನುತ್ತ ಮಾಲಿನಿ ದಣಿದು ಜಗಲಿಯ ಮೇಲೆ ಕುಳಿತಳು.

ಅಟ್ಟದಿಂದ ಗಡಗಡ ಸದ್ದು ಬಂತು.

“ಇಲಿ ಕಾಟ,” ಎಂದಳು ಶಿವಗಂಗಮ್ಮ.

“ಇಲಿ ಅಲ್ಲ, ನನ್ನ ಮಗ!” ಎಂದ ಮೀನಾಕ್ಷಿ ಏಣಿ ಹಾಕಿ, ಹತ್ತಿ, ಮಗುವನ್ನು ಇಳಿಸಿ ತಂದಳು. ಹೊಟ್ಟೆಯ ಮೇಲಿನ ಬರೆಯ ಗುರುತು ನೋಡಿ ಮಾಲಿನಿ ಅವನನ್ನು ಕರೆದಳು; ಅವನು ತಿರುಗದೆ ಕಾಯಿ ಅಲ್ಲಾಡಿಸುತ್ತಲೇ ಇದ್ದ.

“ಯಾರ ಸಾಪವೋ, ನಮ್ಮ ಮನೆಗೇ ತಟ್ಟಿತು,” ಎಂದು ಅತ್ತೆ ಹಣೆ ಚಚ್ಚಿಕೊಂಡಳು.

“ಶಾಪ ಅಲ್ಲ ಅಜ್ಜಿ,” ಎಂದಳು ಮಾಲಿನಿ. “ಇದಕ್ಕೆ ಆಟಿಸಂ ಅಂತಾರೆ. ಈ ಮಕ್ಕಳ ಮಿದುಳು ಬೆಳೆಯೋ ರೀತೀನೇ ಬೇರೆ. ಬರೆ ಹಾಕಿದ್ರೆ ಹೋಗಲ್ಲ. ಪ್ರೀತಿಯಿಂದ ಕಲಿಸಿದ್ರೆ ನಿಧಾನಕ್ಕೆ ಕಲೀತಾರೆ. ಎಷ್ಟೋ ಊರಲ್ಲಿದಾರೆ. ಎಲ್ಲರೂ ನಮ್ಮನೇಲಿ ಮಾತ್ರ ಅಂದ್ಕೊಂಡು ಬಚ್ಚಿಡ್ತಾರೆ.”

“ಬ್ಯಾರೆ ಊರಲ್ಲೂ ಅವ್ರಾ?” ಬಾಗಿಲಲ್ಲಿ ದ್ಯಾವಮ್ಮ ನಿಂತಿದ್ದಳು. ಇಕ್ಕಳದಲ್ಲಿದ್ದ ಬಳೆಚೂರು ಆರುತ್ತಿತ್ತು. “ನಮ್ಮನೇಲೂ ಒಂದೈತೆ ಕಣವ್ವ. ಮಗಳ ಕೂಸು. ಹಿಂದ್ಲ ಕೋಣೇಲಿ ಮಡಗಿದ್ದೀವಿ.”

ಇದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.

“ಅದಕ್ಕೂ ಬರೆ ಹಾಕಿದ್ಯಾ ಅಜ್ಜಿ?” ಮೀನಾಕ್ಷಿ ಕೇಳಿದಳು.

“ಊರಿಗೆಲ್ಲಾ ಮೊದ್ಲು ಅದಕ್ಕೇಯ ಹಾಕಿದ್ದು.”

“ಮಾತು ಬಂತಾ?”

ದ್ಯಾವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

ಗೊತ್ತಿದ್ದೂ ತನ್ನ ಮಗನ ಹೊಟ್ಟೆ ಸುಟ್ಟವಳು! ಮೀನಾಕ್ಷಿಗೆ ಅವಳನ್ನು ಬೈಯಬೇಕೆನಿಸಿತು, ಅಳಬೇಕೆನಿಸಿತು. ಎರಡಕ್ಕೂ ತ್ರಾಣವಿರಲಿಲ್ಲ. ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಬೀದಿಗೆ ಇಳಿದಳು.

“ಊರೆಲ್ಲ ನೋಡ್ತದೆ ಕಣೇ!” ಎಂದು ಅತ್ತೆ ಕೂಗಿದಳು.

“ನೋಡ್ಲಿ,” ಎಂದಳು ಮೀನಾಕ್ಷಿ. ಆಮೇಲೆ ದ್ಯಾವಮ್ಮನತ್ತ ತಿರುಗಿದಳು. “ನಡಿ ಅಜ್ಜಿ, ಆ ಕೂಸಿನ ಕೋಣೆ ಬಾಗಿಲು ತೆಗಿ. ನಾನೂ ಬತ್ತೀನಿ.”