ಏರುತ್ತಾ ಹೋದ ಚೌಕಾಸಿ

ತಕ್ಕಡಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಳೆಯ ಗ್ರಾಫಿಕ್ಸ್ ಕಂಪ್ಯೂಟರುಗಳನ್ನು ಸಂಗ್ರಹಿಸುವ ಅವನು ಕಂಡೊಡನೆ ಬೆಲೆ ತೂಗುತ್ತಾನೆಂದು ಗೆಳೆಯರಿಟ್ಟ ಹೆಸರದು. ವರ್ಷಗಟ್ಟಲೆ ಹುಡುಕಿದ್ದ ನೇರಳೆ ಬಣ್ಣದ ಯಂತ್ರ ಈಗ ಕಣ್ಣೆದುರೇ ಇತ್ತು, ತಲೆಯ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು. ಇನ್ನೊಬ್ಬ ಮೂಸಿಕೊಂಡು ಬರುವುದರೊಳಗೆ ಎತ್ತಿಕೊಂಡು ಹೋಗಬೇಕು. ಕಾಲು ತಾನಾಗಿಯೇ ಕುಣಿಯುತ್ತಿತ್ತು.

"ಎಷ್ಟು ಹೇಳ್ತೀರಮ್ಮಾ?"

"ಒಂದು ಲಕ್ಷ," ಎಂದರು ಮನೆಯಾಕೆ.

"ಮಾನಿಟರ್ ಅಂಚು ಹಳದಿ ತಿರುಗಿದೆ. ಸ್ವಲ್ಪ ನೋಡಿ ಹೇಳಿ."

"ಹಾಗಾದ್ರೆ ಒಂದೂವರೆ."

ಬಾಗಿಲಿಗೊರಗಿ ನಿಂತಿದ್ದ ಮಗ ಹಣೆ ಚಚ್ಚಿಕೊಂಡ. "ಅಮ್ಮಾ! ಚೌಕಾಸಿ ಅಂದ್ರೆ ಇಳಿಯೋದು, ಏರೋದಲ್ಲ."

"ಕೀಲಿಮಣೆಯಲ್ಲಿ ಎರಡು ಅಕ್ಷರ ಸವೆದಿವೆ," ಎಂದ ತಕ್ಕಡಿ, ಅಭ್ಯಾಸಬಲದಿಂದ.

"ಎರಡು ಲಕ್ಷ."

ತಕ್ಕಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಯಾರೋ ಬಲ್ಲವರು ಇದರ ನಿಜವಾದ ಬೆಲೆ ಈಕೆಯ ಕಿವಿಯಲ್ಲಿ ಊದಿದ್ದಾರೆ, ಇನ್ನು ತಡಮಾಡಿದರೆ ಕೈತಪ್ಪುತ್ತದೆ. "ಆಯ್ತಮ್ಮಾ, ಎರಡೇ. ತಗೊಂಡೆ."

"ಮುಗೀತು!" ಮಗ ಕೈತಟ್ಟಿದ. "ನಾಳೆಯೇ ಇಲ್ಲಿ ಮಂಚ ಹಾಕಿಸ್ತೀನಿ."

ತಾಯಿ ಬಟ್ಟೆ ಸರಿಸಿ ಯಂತ್ರದ ಗುಂಡಿ ಒತ್ತಿದರು. ಫ್ಯಾನು ಗುಂಯ್‌ಗುಟ್ಟಿತು. ಕತ್ತಲ ಪರದೆಯ ಮೇಲೆ ಒಂದು ಕೊಕ್ಕರೆ ಗೆರೆಗೆರೆಯಾಗಿ ಮೂಡತೊಡಗಿತು.

"ಈ ಪ್ರೋಗ್ರಾಮ್ ನಮ್ಮೆಜಮಾನ್ರು ಮಾಡಿದ್ದು. ಅವರು ಹೋದ ಮೇಲೂ ಇದು ಬಿಡಿಸ್ತಾನೇ ಇದೆ."

ಬಾಯಿಪಾಠದ ಪದ್ಯ ಒಪ್ಪಿಸುವವರಂತೆ ಅವರ ತುಟಿ ಪ್ರತಿ ಗೆರೆಗೂ ಮುಂಚೆಯೇ ಅಲುಗುತ್ತಿತ್ತು. ಈಗ ಕೊಕ್ಕು. ಈಗ ರೆಕ್ಕೆ. ಈಗ ನೀರು.

ಆಗ ತಕ್ಕಡಿಗೆ ತಿಳಿಯಿತು. ಅವರು ಹೇಳಿದ್ದು ಬೆಲೆಯಲ್ಲ, ಮಗನಿಗೆ 'ಕೊಡಲ್ಲ' ಎನ್ನಲಾಗದೆ ಬಾಗಿಲಿಗೆ ಜಡಿದ ಅಗುಳಿ. ಅದನ್ನೇ ತಾನು ಎತ್ತಿಬಿಟ್ಟಿದ್ದ.

ಮಂಡಿಯೂರಿ ಯಂತ್ರದ ಹಿಂಬದಿ ಇಣುಕಿದ. "ಅಯ್ಯೋ, ಬ್ಯಾಟರಿ ಸೋರಿ ತುಕ್ಕು ಹಿಡಿದಿದೆ. ಐನೂರು ಕೊಡಬಹುದು."

"ಐನೂರಾ?" ತಾಯಿ ಧಿಗ್ಗನೆದ್ದರು. "ಇದೇನು ಮುರುಕಲು ಬಕೆಟ್ಟಾ? ಹೊರಡಿ ಮೊದಲು!" ಬೈಗುಳದಲ್ಲಿ ಅವರ ದನಿಗೆ ಜೀವ ಬಂದಿತ್ತು.

ಗೇಟಿನ ಬಳಿ ಮಗ ಓಡಿಬಂದು ಅಡ್ಡ ನಿಂತ. "ಸಾರ್, ಅಮ್ಮ ಸಂಜೆ ಅಕ್ಕನ ಮನೆಗೆ ಹೋಗ್ತಾರೆ. ಐನೂರಿಗೇ ಎತ್ಕೊಂಡು ಹೋಗಿ. ರೂಮು ಖಾಲಿಯಾದ್ರೆ ಸಾಕು."

ಐನೂರು! ತಕ್ಕಡಿಯ ಕೈ ಆಗಲೇ ಜೇಬಿನೊಳಗಿತ್ತು. ತೆರೆದ ಕಿಟಕಿಯಿಂದ ಫ್ಯಾನಿನ ಗುಂಯ್‌ ಕೇಳುತ್ತಲೇ ಇತ್ತು.

"ತುಕ್ಕು ಗಿಕ್ಕು ಏನಿಲ್ಲಪ್ಪ, ಸುಳ್ಳು ಹೇಳ್ದೆ," ಎಂದ ಕೊನೆಗೆ. "ಅದರ ಬೆಲೆ ವರ್ಷ ವರ್ಷ ಏರುತ್ತೆ. ಆದ್ರೆ ಆಗಾಗ ಆನ್ ಮಾಡ್ತಿರಬೇಕು, ಇಲ್ಲಾಂದ್ರೆ ಐನೂರೂ ಹುಟ್ಟಲ್ಲ. ಆ ಕೆಲಸ ನಿಮ್ಮಮ್ಮನಿಗೇ ಬಿಡು."

"ಮತ್ತೆ ನನ್ನ ಮಂಚ?"

"ಹಾಲ್‌ನಲ್ಲಿ ಹಾಕ್ಕೋ ಮಾರಾಯ."

ಬೀದಿಯ ತಿರುವಿನವರೆಗೂ ತಕ್ಕಡಿ ದಾಪುಗಾಲು ಹಾಕಿದ. ನಿಂತರೆ ವಾಪಸ್ ಹೋಗಿಬಿಡುತ್ತೇನೆಂಬ ಭಯ.